ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಯಾರು?

2019ರ ಮೇ ತಿಂಗಳು. ಜರ್ಮನಿಯ ಮ್ಯೂನಿಕ್ ವಿಮಾನ ನಿಲ್ದಾಣ. ಬಾಡಿಗೆ ಕಾರಿನ ಕೌಂಟರ್ ಮುಂದೆ ನಾನು, ನನ್ನ ಹೆಂಡತಿ, ಅಪ್ಪ, ಅಮ್ಮ. ನಾಲ್ಕು ಸೂಟ್‌ಕೇಸು, ಒಂದರ ತುಂಬಾ ಅಮ್ಮನ ಚಟ್ನಿಪುಡಿ, ಅವಲಕ್ಕಿ. ಎರಡು ತಿಂಗಳ ಹಿಂದೆಯೇ ಬೆಂಗಳೂರಿನ ಮನೆಯಲ್ಲಿ ಕೂತು, ಒಂದು ವೆಬ್‌ಸೈಟಿನಲ್ಲಿ ಏಳು ದಿನಕ್ಕೆ ಕಾರು ಬುಕ್ ಮಾಡಿ, 38 ಸಾವಿರ ರೂಪಾಯಿ ಪೂರ್ತಿ ಕಟ್ಟಿದ್ದೆ.

ಕೌಂಟರ್‌ನಲ್ಲಿದ್ದ ಹುಡುಗಿ ನಗುತ್ತಲೇ ಕೇಳಿದಳು: ಕಾರು ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇದೆಯಾ? ನನ್ನ ಹತ್ತಿರ ಇದ್ದದ್ದು ಡೆಬಿಟ್ ಕಾರ್ಡು. ಕ್ರೆಡಿಟ್ ಕಾರ್ಡು ಹೆಂಡತಿಯದು, ದುಡ್ಡು ಕಟ್ಟಿದ್ದೂ ಅದರಲ್ಲೇ. ಅವಳಿಗೆ ಡ್ರೈವಿಂಗ್ ಬರಲ್ಲ. ಡೆಪಾಸಿಟ್ ಹಿಡಿದಿಟ್ಟುಕೊಳ್ಳೋಕೆ ಆಗಲ್ಲ, ಹಾಗಾಗಿ ಕಾರು ಇಲ್ಲ ಅಂದಳು.

ಸರಿ, ದುಡ್ಡು ವಾಪಸ್ ಕೊಡಿ ಅಂದೆ. "ನೀವು ನಮಗೆ ದುಡ್ಡೇ ಕೊಟ್ಟಿಲ್ಲವಲ್ಲ, ಬ್ರೋಕರ್‌ಗೆ ಕೊಟ್ಟಿದ್ದೀರಿ" ಅನ್ನೋದು ಉತ್ತರ. ಬ್ರೋಕರ್‌ಗೆ ಮೇಲ್ ಹಾಕಿದೆ. ಎರಡು ದಿನ ಬಿಟ್ಟು ಉತ್ತರ ಬಂತು: ಕಾರು ನಿರಾಕರಿಸಿದ್ದು ಬಾಡಿಗೆ ಕಂಪನಿ, ನಾವಲ್ಲ. ಷರತ್ತುಗಳ ಪ್ರಕಾರ ರೀಫಂಡ್ ಇಲ್ಲ.

ಅಪ್ಪ ರೈಲಿನಲ್ಲಿ ಕೂತು ಹೇಳಿದರು: "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರೆ. ಅಲ್ಲ ಕಣೋ, ಇಲ್ಲಿ ಇಸ್ಕೊಂಡೋನು ಯಾರು?"

ದಿನಾ ಸಂಜೆ ನಿಮ್ಮ ದೂರುಗಳನ್ನು ಓದಿ ಅಧಿಕಾರಿಗಳಿಗೆ ಪ್ರಶ್ನೆ ಹಾಕುವ ನಾನು, ನನ್ನದೇ ಈ ಕಥೆಯನ್ನು ತೆರೆ ಮೇಲೆ ಯಾವತ್ತೂ ಹೇಳಿರಲಿಲ್ಲ. ಮರ್ಯಾದೆ ಪ್ರಶ್ನೆ! ಷರತ್ತುಗಳನ್ನು ಓದದೇ ಟಿಕ್ ಹಾಕಿದ್ದು ನಾನೇ. ಆದರೆ ಅಪ್ಪನ ಪ್ರಶ್ನೆ ಬಿಡಲಿಲ್ಲ. ಸಿಸ್ಟಂ ಕೆಟ್ಟರೆ ಮೊದಲು ಸಂಪರ್ಕ ಎಲ್ಲಿ ಕಡಿದಿದೆ ನೋಡು ಅಂತ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸಿದ್ದರು. ಇಲ್ಲೂ ಅದನ್ನೇ ಹುಡುಕಿಕೊಂಡು ಹೋದೆ. ಅದು ನನ್ನನ್ನು ನೂರು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು.

1916. ಅಮೆರಿಕದ ನೆಬ್ರಾಸ್ಕ ರಾಜ್ಯದ ಒಮಾಹಾ ಪಟ್ಟಣ. ಜೋ ಸಾಂಡರ್ಸ್ ಅನ್ನುವವನು ತನ್ನ ಫೋರ್ಡ್ ಮಾಡೆಲ್ ಟಿ ಕಾರನ್ನು ಬಾಡಿಗೆಗೆ ಬಿಟ್ಟ. ಚಕ್ರಕ್ಕೆ ಮೀಟರ್ ಕಟ್ಟಿ, ಮೈಲಿಗೆ 10 ಸೆಂಟ್ ವಸೂಲಿ ಮಾಡಿದ ಅಂತ ಹೇಳುತ್ತಾರೆ. 1918ರಲ್ಲಿ ಶಿಕಾಗೋದಲ್ಲಿ ವಾಲ್ಟರ್ ಜೇಕಬ್ಸ್ ಅನ್ನುವ ಹುಡುಗ 12 ಮಾಡೆಲ್ ಟಿ ಕಾರುಗಳನ್ನಿಟ್ಟುಕೊಂಡು ಅಂಗಡಿ ತೆರೆದ. 1923ರಲ್ಲಿ ಅದನ್ನು ಕೊಂಡವನು ಜಾನ್ ಹರ್ಟ್ಜ್. ಇವರೆಲ್ಲರ ವ್ಯಾಪಾರದಲ್ಲಿ ಕಾರು ಯಾರದ್ದೋ ದುಡ್ಡು ಪಡೆಯುವವನೂ ಅವನೇ. ಕಾರು ಕೆಟ್ಟರೆ ಜಗಳ ಆಡೋಕೆ ಒಂದು ಮುಖ ಇತ್ತು. 1946ರಲ್ಲಿ ವಾರನ್ ಏವಿಸ್ ಡೆಟ್ರಾಯಿಟ್ ಬಳಿಯ ವಿಮಾನ ನಿಲ್ದಾಣಕ್ಕೆ ಬಾಡಿಗೆ ಕಾರನ್ನು ತಂದ ಮೇಲೂ ಆ ಮುಖ ಹಾಗೇ ಇತ್ತು.

ಆಮೇಲೆ ಪ್ಲಾಸ್ಟಿಕ್ ಕಾರ್ಡು ಬಂತು. ಕೊಟ್ಟವನಿಗೂ ಇಸ್ಕೊಂಡವನಿಗೂ ಮಧ್ಯೆ ಬ್ಯಾಂಕು ಬಂದು ಕೂತಿತು. ಇದರಿಂದ ಗ್ರಾಹಕನಿಗೆ ಒಂದು ಒಳ್ಳೆಯದೂ ಆಯಿತು. ಅಮೆರಿಕ, ಬ್ರಿಟನ್ ಎರಡೂ 1974ರಲ್ಲೇ ಕಾನೂನು ಮಾಡಿ, ಕಾರ್ಡಿನಲ್ಲಿ ಕಟ್ಟಿದ ದುಡ್ಡಿನ ಬಗ್ಗೆ ಬ್ಯಾಂಕನ್ನೇ ಕೇಳುವ ದಾರಿ ಕೊಟ್ಟವು. ಇವತ್ತು ನಾವು ಚಾರ್ಜ್‌ಬ್ಯಾಕ್ ಅಂತ ಕೇಳೋದು ಈ ವಂಶದ್ದೇ ಕೂಸು.

ಈಗ ಬರುತ್ತೆ ನೋಡಿ ಅಸಲಿ ಕಥೆ. 2000ನೇ ಇಸವಿಯಲ್ಲಿ ಬ್ರಿಟನ್ನಿನಲ್ಲಿ ಈಸಿಕಾರ್ ಶುರುವಾಯಿತು. ಈಸಿಜೆಟ್ ವಿಮಾನ ಕಂಪನಿ ಕಟ್ಟಿದ ಸ್ಟೆಲಿಯೋಸ್ ಅವರದ್ದೇ ಕಂಪನಿ. ಬುಕಿಂಗ್ ಇಂಟರ್ನೆಟ್‌ನಲ್ಲಿ ಮಾತ್ರ. ಬುಕ್ ಮಾಡಿ ರದ್ದು ಮಾಡಿದರೆ ದುಡ್ಡು ವಾಪಸ್ ಇಲ್ಲ. ಓಡಿಸುವವನಿಗೆ ಗಂಭೀರ ಕಾಯಿಲೆ, ಪ್ರಕೃತಿ ವಿಕೋಪ, ಯುದ್ಧ, ಗಲಭೆ, ಇಂಥದ್ದಕ್ಕೆ ಮಾತ್ರ ವಿನಾಯಿತಿ. ಹತ್ತಿರದ ಸಂಬಂಧಿ ತೀರಿಕೊಂಡರೆ? ಅದು ಮ್ಯಾನೇಜರ್ ಮರ್ಜಿ!

ಆದರೆ ಯುರೋಪಿನಲ್ಲಿ 1997ರ ಒಂದು ನಿಯಮ ಇತ್ತು. ಫೋನಿನಲ್ಲಿ, ನೆಟ್‌ನಲ್ಲಿ, ಹೀಗೆ ದೂರದಿಂದ ಕೊಂಡಿದ್ದನ್ನು ಏಳು ಕೆಲಸದ ದಿನಗಳೊಳಗೆ ದಂಡ ಇಲ್ಲದೆ ಬೇಡ ಅನ್ನಬಹುದು. ದೂರುಗಳು ಬಂದವು, ಬ್ರಿಟನ್ನಿನ ಆಫೀಸ್ ಆಫ್ ಫೇರ್ ಟ್ರೇಡಿಂಗ್ ಈ ನಿಯಮ ತೋರಿಸಿತು. ಈಸಿಕಾರ್ ಹೇಳಿದ್ದು: ಸಾರಿಗೆ ಸೇವೆಗೆ ಆ ನಿಯಮದಲ್ಲೇ ವಿನಾಯಿತಿ ಇದೆ, ನಮ್ಮದೂ ಸಾರಿಗೆ ಸೇವೆಯೇ. ಜಗಳ ಲಂಡನ್ ಹೈಕೋರ್ಟಿನಿಂದ ಲಕ್ಸೆಂಬರ್ಗ್‌ನ ಯುರೋಪಿಯನ್ ನ್ಯಾಯಾಲಯಕ್ಕೆ ಹೋಯಿತು.

ಯೋಚನೆ ಮಾಡಿ. ಬಸ್ಸು ನಮ್ಮನ್ನು ಹೊತ್ತುಕೊಂಡು ಹೋಗುತ್ತೆ, ಅದು ಸಾರಿಗೆ. ಕಾರನ್ನು ನಮ್ಮ ಕೈಗೆ ಕೊಟ್ಟು ನೀನೇ ಓಡಿಸಿಕೋ ಅನ್ನೋದೂ ಸಾರಿಗೆಯಾ? 2005ರ ಮಾರ್ಚ್ 10ರಂದು ತೀರ್ಪು ಬಂತು: ಹೌದು, ಅದೂ ಸಾರಿಗೆ ಸೇವೆಯೇ. ಕಾರು ತೆಗೆದಿಟ್ಟು ಕಾಯುವ ಕಂಪನಿಗೆ ಕೊನೇ ಗಳಿಗೆಯಲ್ಲಿ ಪುಕ್ಕಟೆ ರದ್ದು ಮಾಡಿದರೆ ಆಗುವ ನಷ್ಟವನ್ನು ಕೋರ್ಟು ಲೆಕ್ಕಕ್ಕೆ ತೆಗೆದುಕೊಂಡಿತು. ಆ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಶೆಡ್ಡಿನಲ್ಲಿ ಕಾರು ನಿಲ್ಲಿಸಿಕೊಂಡವನ ಸಂಕಟ ನಿಜ. 2011ರ ಹೊಸ ಯುರೋಪಿಯನ್ ನಿರ್ದೇಶನದಲ್ಲಂತೂ ಕಾರು ಬಾಡಿಗೆಯ ಹೆಸರು ಹೇಳಿಯೇ ಈ ವಿನಾಯಿತಿ ಬರೆದರು.

ನನಗೆ ಒಪ್ಪಿಗೆಯಾಗದ್ದು ಮುಂದಿನದ್ದು. ವಿನಾಯಿತಿಗೆ ಕೊಟ್ಟ ಕಾರಣ ಕಾರು ತೆಗೆದಿಡುವವನ ನಷ್ಟ. ಬ್ರೋಕರ್ ಯಾವ ಕಾರನ್ನು ತೆಗೆದಿಟ್ಟಿರುತ್ತಾನೆ? ಅವನ ಹತ್ತಿರ ಒಂದು ಟೈರೂ ಇಲ್ಲ. ಇದೇ ಈಸಿಕಾರ್ ಕೂಡ ಮುಂದೆ ಸ್ವಂತ ಕಾರುಗಳನ್ನು ಬಿಟ್ಟು ಬ್ರೋಕರ್ ಆಯಿತು! ಒಮಾಹಾದಲ್ಲಿ ಒಂದೇ ಆಗಿದ್ದ ಮುಖ ಎರಡಾಗಿ ಸೀಳಿದ್ದು ಇಲ್ಲಿ. ದುಡ್ಡಿನ ಮುಖ ಪರದೆ ಮೇಲೆ, ಕಾರಿನ ಮುಖ ಕೌಂಟರ್‌ನಲ್ಲಿ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದರೆ ಮುಗೀತು.

ನಮ್ಮ ದೇಶಕ್ಕೆ ಬರೋಣ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಎದುರು ಪಾರ್ಟಿ ಇರುವ ಊರಿನಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಕಡೆ ದೂರು ಕೊಡಬೇಕಿತ್ತು. ವೆಬ್‌ಸೈಟಿಗೆ ಯಾವ ಊರು? 2019ರ ಹೊಸ ಕಾಯ್ದೆ 2020ರ ಜುಲೈ 20ಕ್ಕೆ ಜಾರಿಗೆ ಬಂದ ಮೇಲೆ ನಾವು ವಾಸ ಇರುವ ಊರಿನಲ್ಲೇ ದೂರು ಕೊಡಬಹುದು. ಮೂರೇ ದಿನಕ್ಕೆ, ಜುಲೈ 23ಕ್ಕೆ, ಇ-ಕಾಮರ್ಸ್ ನಿಯಮಗಳೂ ಬಂದವು. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಕಂಪನಿ ತಾನೇ ರದ್ದು ಮಾಡಿದಾಗ ದಂಡ ಕಟ್ಟುವುದಿಲ್ಲ ಅಂದರೆ, ಗ್ರಾಹಕ ರದ್ದು ಮಾಡಿದಾಗಲೂ ದಂಡ ಹಾಕುವ ಹಾಗಿಲ್ಲ. ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಸೇವೆ ಮಾರುವ ವಿದೇಶಿ ಕಂಪನಿಗೂ ಇದು ಅನ್ವಯ. ಸಹಾಯವಾಣಿ ನಂಬರ್ 1915, ಬರೆದಿಟ್ಟುಕೊಳ್ಳಿ.

ನನ್ನ ಪಾಲಿಗೆ ಇದೆಲ್ಲ ಒಂದು ವರ್ಷ ತಡವಾಗಿ ಬಂತು. ನಾನು ಹಿಡಿದದ್ದು 1974ರ ಹಳೇ ದಾರಿ, ಹೆಂಡತಿಯ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್. ಬುಕಿಂಗ್ ವೋಚರ್, ಮೇಲ್‌ಗಳು, ಕೌಂಟರ್‌ನ ಹುಡುಗಿ ಪುಣ್ಯಕ್ಕೆ ಬರೆದುಕೊಟ್ಟಿದ್ದ ಒಂದು ಚೀಟಿ, ಎಲ್ಲ ಕೊಟ್ಟೆ. ನಾಲ್ಕು ತಿಂಗಳಾಯಿತು. ಓಡಿಸದೇ ಇದ್ದ ಕಾರಿಗೆ ಬ್ರೋಕರ್ ಮಾರಿದ್ದ ವಿಮೆಯ 6 ಸಾವಿರ ವಾಪಸ್ ಬಂತು. ಬಾಡಿಗೆಯ 32 ಸಾವಿರ ಬರಲಿಲ್ಲ. ಷರತ್ತಿನಲ್ಲಿ ಕಾರ್ಡಿನ ವಿಷಯ ಬರೆದಿತ್ತು, ನಾನು ಟಿಕ್ ಹಾಕಿದ್ದೆ.

ಅದು ಬ್ರೋಕರ್ ಹತ್ತಿರವೇ ಉಳಿಯಿತೋ, ಮ್ಯೂನಿಕ್ ಕೌಂಟರಿಗೂ ಪಾಲು ಹೋಯಿತೋ, ಎರಡು ಸಲ ಮೇಲ್ ಹಾಕಿ ಕೇಳಿದೆ. ಅದಕ್ಕೆ ಮಾತ್ರ ಇಬ್ಬರೂ ಉತ್ತರ ಕೊಟ್ಟಿಲ್ಲ.