ಬಿಳುಪಿನ ಹಿಂದಿನ ಬೆವರು

ಬಿಳಿಯ ಬಟ್ಟೆ ತೊಡುವವರಿಗೆ ಬೇಸಿಗೆಯೆಂಬುದು ಒಂದು ಪರೀಕ್ಷೆ. ಅಂಗಿ ಹೊಸದಿರಬಹುದು, ಬೆಲೆಯುಳ್ಳದ್ದೂ ಇರಬಹುದು. ಎರಡು ತಿಂಗಳು ತೊಡುವುದರೊಳಗಾಗಿ ಕಂಕುಳಲ್ಲಿಯೂ ಕೊರಳಪಟ್ಟಿಯಲ್ಲಿಯೂ ಹಳದಿ ಕಲೆ ಮೂಡಿಬಿಡುತ್ತದೆ. ಆಗ ಮನೆಯಲ್ಲಿ ಹುಡುಕಾಟ ಆರಂಭ: ನಿಂಬೆಹಣ್ಣು, ಸೋಡ, ಅಂಟುವಾಳದ ಕಾಯಿ. ಇವನ್ನೆಲ್ಲ 'ಅಜ್ಜಿಯ ಮದ್ದು' ಎಂದು ಕರೆದು ನಾವು ಸುಮ್ಮನಾಗುತ್ತೇವೆ. ಆದರೆ ಈ ಮದ್ದಿನ ವಂಶಾವಳಿಯನ್ನು ಕೆದಕುತ್ತ ಹೋದರೆ, ಅಜ್ಜಿಗೂ ಹಿಂದೆ ನಿಂತಿರುವವನು ಅಗಸ.

ಅವನ ವಿದ್ಯೆ ಇಂದು ನಿನ್ನೆಯದಲ್ಲ. ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಕೌಟಿಲ್ಯನ ಅರ್ಥಶಾಸ್ತ್ರ ಬಟ್ಟೆಯ ಬಿಳುಪನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತದೆ: ಮೊಗ್ಗಿನಂಥ ಬಿಳುಪು, ಕಲ್ಲಿನ ಮೇಲೆ ಒಗೆದ ಬಿಳುಪು, ತೊಳೆದ ನೂಲಿನ ಬಿಳುಪು, ಉಜ್ಜಿ ಹೊಳಪೇರಿಸಿದ ಬಿಳುಪು. ದರ್ಜೆಯೇರಿದಂತೆ ಒಂದೊಂದು ರಾತ್ರಿ ಹೆಚ್ಚಿನ ವಾಯಿದೆ. ಮರದ ಹಲಗೆ ಇಲ್ಲವೆ ನುಣುಪಾದ ಕಲ್ಲನ್ನು ಬಿಟ್ಟು ಬೇರೆಡೆ ಒಗೆದು ಬಟ್ಟೆ ಕೆಡಿಸಿದರೆ ದಂಡ. ಕೊಡತಿಯ ಗುರುತಿಲ್ಲದ ಬಟ್ಟೆಯನ್ನು ಅಗಸ ತಾನೇ ಉಟ್ಟರೆ ಮೂರು ಪಣ ದಂಡ. ಊರಿಗೆಲ್ಲ ಬಿಳುಪು ಕೊಡುವವನು ಆ ಬಿಳುಪನ್ನು ಉಡುವಂತಿರಲಿಲ್ಲ!

ಯಾವ ಬಟ್ಟೆಗೆ ಯಾವ ವಸ್ತು ಎಂಬ ವಿವೇಕವೂ ಹಳೆಯದೇ. ರೇಷ್ಮೆ ಮತ್ತು ಉಣ್ಣೆಗೆ ಕ್ಷಾರದ ಮಣ್ಣು, ಕಂಬಳಿಗೆ ಅಂಟುವಾಳ, ನಾರುಬಟ್ಟೆಗೆ ಬಿಳಿ ಸಾಸಿವೆ ಎಂದು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿದೆ. ಆ ಕ್ಷಾರದ ಮಣ್ಣೇ ನಮ್ಮ ನಾಡಿನ ಚೌಳು ಮಣ್ಣು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಈ ಸೋಡದ ಮಣ್ಣಿನ ಮಾತನ್ನೆತ್ತಿದ್ದಾನೆ.

ಈ ಮಣ್ಣು ಮಾಡುವ ಕೆಲಸವೇನು? ಬೆವರಿಗೆ ತನ್ನದೆಂಬ ಬಣ್ಣವಿಲ್ಲ. ಅದು ಬಹುಪಾಲು ನೀರು, ಸ್ವಲ್ಪ ಉಪ್ಪು. ಅದರ ಜೊತೆಗೆ ಮೈಯ ಜಿಡ್ಡು ನೂಲಿನೊಳಗೆ ಇಳಿದು, ಗಾಳಿಗೆ ಹಳಸಿ ಹಳದಿಯಾಗುತ್ತದೆ. ಬಟ್ಟೆಯನ್ನು ಚೌಳು ನೀರಿನಲ್ಲಿ ಅದ್ದಿ ಉಬ್ಬೆಗೆ ಹಾಕಿದಾಗ, ಬಿಸಿ ಹಬೆಯಲ್ಲಿ ಕ್ಷಾರವು ಜಿಡ್ಡಿನೊಡನೆ ಕೂಡಿ ಅಲ್ಲಿಯೇ ಸಾಬೂನಾಗುತ್ತದೆ. ಕೊಳೆ ತನ್ನನ್ನು ತಾನೇ ತೊಳೆದುಕೊಂಡಂತೆ! ರಸಾಯನಶಾಸ್ತ್ರದ ಹೆಸರು ಕೇಳದವನೂ ಅದನ್ನು ದಿನವೂ ಬಳಸುತ್ತಿದ್ದ.

ಹುಳಿಯ ಕಥೆ ಇನ್ನೂ ಸೊಗಸು. ಹದಿನೇಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ, ಹತ್ತಿಯ ಬಟ್ಟೆಗಳನ್ನು ಬಿಳುಪು ಮಾಡಿಸಲು ಭರೂಚಿಗೆ ಒಯ್ಯುತ್ತಿದ್ದರೆಂದು ಬರೆದಿದ್ದಾನೆ. ಕಾರಣ, ಅಲ್ಲಿ ವಿಶಾಲವಾದ ಬಯಲುಗಳಿದ್ದವು, ನಿಂಬೆಹಣ್ಣು ಹೇರಳವಾಗಿತ್ತು. ನಿಂಬೆಯ ನೀರಿನಲ್ಲಿ ಅದ್ದದೆ ಬಟ್ಟೆ ಬೆಳ್ಳಗಾಗದು ಎಂಬುದು ಅಲ್ಲಿಯವರ ಅನುಭವ. ಅತ್ತ ಹಾಲೆಂಡಿನ ಹಾರ್ಲೆಮ್‌ನಲ್ಲಿ ನಾರುಬಟ್ಟೆಯನ್ನು ಬೂದಿಯ ನೀರಿನಲ್ಲಿ ಬೇಯಿಸಿ, ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಹುಲ್ಲಿನ ಮೇಲೆ ತಿಂಗಳುಗಟ್ಟಲೆ ಹರಡುತ್ತಿದ್ದರು. ಖಾರ, ಹುಳಿ, ಬಿಸಿಲು: ದೇಶ ಬೇರೆಯಾದರೂ ಸೂತ್ರ ಒಂದೇ.

ಯೂರೋಪಿನ ರಸಾಯನಜ್ಞರು ಈ ಮೂರನ್ನೂ ಕಾರ್ಖಾನೆಗೆ ತಂದರು. 1756ರಲ್ಲಿ ಎಡಿನ್‌ಬರೋದ ಫ್ರಾನ್ಸಿಸ್ ಹೋಮ್ ಮಜ್ಜಿಗೆಯ ಬದಲು ತೆಳುಗಂಧಕಾಮ್ಲವನ್ನು ಸೂಚಿಸಿದ. 1785ರಲ್ಲಿ ಬರ್ತೊಲೆ ಕ್ಲೋರಿನ್ ಅನಿಲದಿಂದ ಬಿಳುಪು ತಂದ. 1799ರಲ್ಲಿ ಟೆನ್ನಂಟ್ ಅದನ್ನು ಪುಡಿಯಾಗಿಸಿದ. 1791ರಲ್ಲಿ ಲೆಬ್ಲಾಂಕ್ ಅಡಿಗೆಯುಪ್ಪಿನಿಂದ ಸೋಡ ತೆಗೆಯುವ ಹಾದಿ ಕಂಡುಹಿಡಿದ. ಕೆರೆಯಂಗಳದ ಚೌಳು ಹೋಗಿ ಅಂಗಡಿಯ ಸೋಡ ಬಂದಿತು. ನಮ್ಮಲ್ಲಿ 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದ ಮೇಲೆ ಒಗೆತದ ವಿದ್ಯೆ ಪೊಟ್ಟಣದೊಳಗೆ ಅಡಗಿತು.

ಇಷ್ಟರಲ್ಲಿ ಕಲೆಯೇ ಬದಲಾಯಿತೆಂಬುದು ಈ ಕಥೆಯ ವಿನೋದ. 1903ರಲ್ಲಿ ಅಮೆರಿಕದಲ್ಲಿ ಬೆವರು ತಡೆಯುವ ಲೇಪ ಮಾರಾಟಕ್ಕೆ ಬಂದಿತು. ಅದರ ತಿರುಳು ಅಲ್ಯೂಮಿನಿಯಮ್ ಲವಣ. ಅದು ಬೆವರು ಜಿಡ್ಡುಗಳೊಡನೆ ಬೆರೆತು ಕೂರಿಸುವ ಹಳದಿ ಗಡುಸು ಕಲೆ ಅಗಸನ ಕಾಲದ್ದಲ್ಲ. ಇದಕ್ಕೆ ಸೋಡವೊಂದೇ ಸಾಲದು, ಹುಳಿ ಬೇಕು. ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ ಕಲೆಯ ಮೇಲೆ ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ಜಾಲಿಸಿ, ಆಮೇಲೆ ಸಾಬೂನಿನಲ್ಲೋ ಅಂಟುವಾಳದ ನೊರೆಯಲ್ಲೋ ಒಗೆದು ಬಿಸಿಲಿಗೆ ಹಾಕಬೇಕು. ಬರಿಯ ಜಿಡ್ಡಿನ ಕೊರಳಪಟ್ಟಿಗಾದರೆ ಸೋಡ, ಬಿಸಿನೀರು ಸಾಕು. ಅವಸರಕ್ಕೆ ಬ್ಲೀಚಿಂಗ್ ಪುಡಿ ಹಾಕಿದರೆ ಬೆವರಿನ ಕಲೆ ಇನ್ನಷ್ಟು ಹಳದಿಯಾಗುವುದುಂಟು. ನಿಂಬೆಯೊಡನೆ ಅದನ್ನು ಬೆರೆಸಿದರಂತೂ ವಿಷಗಾಳಿ ಏಳುತ್ತದೆ. ಎರಡನ್ನೂ ಎಂದೂ ಕೂಡಿಸಬಾರದು.

ನಮ್ಮ ಭಾಷೆಯಲ್ಲಿ 'ಮಡಿ' ಎಂದರೆ ಒಗೆದ ಬಟ್ಟೆ. ಮಡಿ ಎಂದರೆ ಶುದ್ಧಿಯೂ ಹೌದು. ಆ ಶುದ್ಧಿಯನ್ನು ತಯಾರಿಸುತ್ತಿದ್ದವನು ಮಡಿವಾಳ. ಆದರೂ ಅವನನ್ನು ಹೊಸ್ತಿಲಿನಾಚೆ ನಿಲ್ಲಿಸಿ ಬಟ್ಟೆಯ ಗಂಟನ್ನು ಮಾತ್ರ ಒಳಗೆ ತೆಗೆದುಕೊಂಡ ಮನೆಗಳು ಎಷ್ಟೋ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಯ್ಯ ಅದೇ ಕಾಯಕವನ್ನು ಹೊತ್ತು ಶರಣರ ಸಾಲಿನಲ್ಲಿ ಸಮನಾಗಿ ನಿಂತ. ಆ ಸಾಲು ಮುಂದೆ ಉದ್ದವಾಗಿ ಬೆಳೆಯಲಿಲ್ಲ. ವಿದ್ಯೆ ಮಾತ್ರ ಹೊಸ್ತಿಲು ದಾಟಿ ನಮ್ಮ ಅಡಿಗೆಮನೆಗೆ ಬಂದಿತು. ಬರುವಾಗ ಒಡೆಯನ ಹೆಸರನ್ನು ಹೊರಗೇ ಬಿಟ್ಟುಬಂದಿತು. ಅಜ್ಜಿಯ ಮದ್ದೆಂದು ಹೊಗಳುವಾಗ, ಅದನ್ನು ಅಜ್ಜಿಗಿಂತ ಮುಂಚೆ ಬಲ್ಲವನನ್ನೂ ನೆನೆಯುವುದು ನ್ಯಾಯ. ನಮ್ಮ ಅಂಗಿಯ ಬಿಳುಪಿನಲ್ಲಿ ನಮ್ಮ ಬೆವರಿಗಿಂತ ಅವನ ಬೆವರೇ ಹೆಚ್ಚು ಸೇರಿದೆ.