ಬೆಂಗಳೂರು ಗ್ರಾಮಾಂತರ ಜಿಲ್ಲೆ: ನೈಸರ್ಗಿಕ ಅನಿಲ ಪೂರೈಕೆ ಮತ್ತು ವಿದೇಶಿ ಅವಲಂಬನೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳನ್ನು ಒಳಗೊಂಡ ಈ ಜಿಲ್ಲೆಯಲ್ಲಾಗಲಿ, ಕರ್ನಾಟಕದ ಬೇರೆಡೆಯಾಗಲಿ ನೈಸರ್ಗಿಕ ಅನಿಲದ ಉತ್ಪಾದನೆಯಿಲ್ಲ. ಇಲ್ಲಿಗೆ ಬರುವ ಅನಿಲ ಹೊರರಾಜ್ಯಗಳ ಬಾವಿಗಳದ್ದು, ಇಲ್ಲವೇ ದ್ರವರೂಪದಲ್ಲಿ (ಎಲ್‌ಎನ್‌ಜಿ) ಹಡಗಿನಲ್ಲಿ ಬಂದ ವಿದೇಶಿ ಸರಕು.

ಪೂರೈಕೆ ಮಾರ್ಗ

ಮುಖ್ಯ ಆಧಾರ ಕೇಂದ್ರ ಸರ್ಕಾರಿ ಸ್ವಾಮ್ಯದ ಗೇಲ್ ಸಂಸ್ಥೆಯ ದಾಭೋಲ್–ಬೆಂಗಳೂರು ಕೊಳವೆಮಾರ್ಗ. ಸುಮಾರು 1,000 ಕಿ.ಮೀ. ಉದ್ದದ ಇದು 2013ರಲ್ಲಿ ಕಾರ್ಯಾರಂಭ ಮಾಡಿತು. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ದಾಭೋಲ್‌ನಿಂದ ಹೊರಟು ಬೆಳಗಾವಿ, ಧಾರವಾಡ, ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ಹಾಯ್ದು ಬರುತ್ತದೆ. ಗುಜರಾತಿನ ದಹೇಜ್ ಎಲ್‌ಎನ್‌ಜಿ ಟರ್ಮಿನಲ್ ಜೊತೆಗೂ ಇದಕ್ಕೆ ಸಂಪರ್ಕವಿದೆ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳಲ್ಲಿ ಮನೆ, ವಾಹನ, ಕಾರ್ಖಾನೆಗಳಿಗೆ ಅನಿಲ ವಿತರಿಸುವ ಪರವಾನಗಿ 2015ರಲ್ಲಿ ಗೇಲ್ ಗ್ಯಾಸ್ ಸಂಸ್ಥೆಗೆ ದೊರೆಯಿತು.

ಕೊಚ್ಚಿಯಿಂದ ಬೆಂಗಳೂರಿಗೆ ಯೋಜಿಸಿದ್ದ ಎರಡನೇ ದಾರಿಗೆ ತಮಿಳುನಾಡಿನಲ್ಲಿ ತಡೆಯುಂಟಾಯಿತು. ಹೊಲಗಳಲ್ಲಿ ಕೊಳವೆ ಹೂಳುವುದನ್ನು ಅಲ್ಲಿನ ರೈತರು ವಿರೋಧಿಸಿದರು. 2013ರಲ್ಲಿ ತಮಿಳುನಾಡು ಸರ್ಕಾರವೂ ಅವರ ಪರ ನಿಂತಿತು. 2016ರಲ್ಲಿ ಸುಪ್ರೀಂ ಕೋರ್ಟ್ ಗೇಲ್ ಪರ ತೀರ್ಪಿತ್ತರೂ ಕೆಲಸ ಕುಂಟುತ್ತ ಸಾಗಿತು. ಅದೇ ಯೋಜನೆಯ ಕೊಚ್ಚಿ–ಮಂಗಳೂರು ಭಾಗ ಮಾತ್ರ ಕಾಸರಗೋಡಿನ ಮೂಲಕ ಹಾಯ್ದು 2021ರ ಜನವರಿ 5ರಂದು ಉದ್ಘಾಟನೆಗೊಂಡಿತು.

ಅಂತರರಾಷ್ಟ್ರೀಯ ಹಿನ್ನೆಲೆ

ಭಾರತ ತಾನು ಬಳಸುವ ಅನಿಲದ ಸುಮಾರು ಅರ್ಧದಷ್ಟನ್ನು ಆಮದು ಮಾಡಿಕೊಳ್ಳುತ್ತದೆ. ಆದರೆ ಗಡಿ ದಾಟಿ ಬರುವ ಅನಿಲ ಕೊಳವೆ ಒಂದೂ ಇಲ್ಲ. ಪಾಕಿಸ್ತಾನದ ಮೂಲಕ ಬರಬೇಕಿದ್ದ ಇರಾನ್ ಯೋಜನೆಯಿಂದ ಭಾರತ ಹಿಂದೆ ಸರಿಯಿತು. ತುರ್ಕ್‌ಮೆನಿಸ್ತಾನದಿಂದ ಅಫ್ಘಾನಿಸ್ತಾನದ ಮೂಲಕ ಯೋಜಿಸಿದ 1,814 ಕಿ.ಮೀ. ಉದ್ದದ 'ತಾಪಿ' ಮಾರ್ಗ ಇಲ್ಲಿಗೆ ತಲುಪಲಿಲ್ಲ. ಹೀಗಾಗಿ ನೆರೆದೇಶವೊಂದು ಕವಾಟ ತಿರುಗಿಸಿ ಪೂರೈಕೆ ನಿಲ್ಲಿಸುವ ಭಯ ಇಲ್ಲಿಲ್ಲ. ಮಾರುವವರನ್ನು ಬದಲಿಸಲೂಬಹುದು. ಅದರ ಬದಲಿಗೆ ಸಮುದ್ರಮಾರ್ಗದ ಅಪಾಯ ಮತ್ತು ಜಾಗತಿಕ ದರದ ಏರಿಳಿತವನ್ನು ಹೊರಬೇಕಾಗುತ್ತದೆ. ಕತಾರಿನ ಸರಕೆಲ್ಲ ಹೋರ್ಮುಜ್ ಜಲಸಂಧಿಯನ್ನು ದಾಟಿಯೇ ಬರಬೇಕು. ವರ್ಷಕ್ಕೆ 75 ಲಕ್ಷ ಟನ್‌ಗಳ ಕತಾರ್ ಒಪ್ಪಂದವನ್ನು ಎಲ್‌ಎನ್‌ಜಿ ಆಮದು ಮಾಡುವ ಪೆಟ್ರೋನೆಟ್ ಸಂಸ್ಥೆ 2024ರಲ್ಲಿ ನವೀಕರಿಸಿ, 2048ರವರೆಗೆ ವಿಸ್ತರಿಸಿತು.

ವಿದೇಶಿ ಅವಲಂಬನೆಯ ಅಪಾಯ 2022ರಲ್ಲಿ ನಿಜವಾಯಿತು. ಉಕ್ರೇನ್ ಯುದ್ಧ ಆರಂಭವಾದ ನಂತರ ರಷ್ಯಾದ ಅನಿಲ ಸಂಸ್ಥೆ ಗಾಜ್‌ಪ್ರೋಮ್‌ನ ಜರ್ಮನಿಯ ಘಟಕವನ್ನು ಜರ್ಮನ್ ಸರ್ಕಾರ ವಶಕ್ಕೆ ಪಡೆಯಿತು. ಗೇಲ್‌ಗೆ ವರ್ಷಕ್ಕೆ 25 ಲಕ್ಷ ಟನ್ ಕೊಡಬೇಕಿದ್ದ ಒಪ್ಪಂದ ಆ ಘಟಕದ ಅಂಗಸಂಸ್ಥೆಯದಾಗಿತ್ತು; ಹೀಗಾಗಿ ಪೂರೈಕೆ ನಿಂತಿತು. ಗೇಲ್ ತನ್ನ ಕೈಗಾರಿಕಾ ಗ್ರಾಹಕರಿಗೆ ಅನಿಲ ಕಡಿತ ಮಾಡಬೇಕಾಯಿತು.

ಬಳಕೆದಾರರ ಮೇಲಿನ ಪರಿಣಾಮ

ಒಂದೇ ಕೊಳವೆಯಿಂದ ಪಡೆದರೂ ಎಲ್ಲ ಬಳಕೆದಾರರ ಅವಲಂಬನೆ ಒಂದೇ ತೆರನಲ್ಲ. ಕಡಿಮೆ ದರದ ದೇಶೀಯ ಅನಿಲದಲ್ಲಿ ಕೇಂದ್ರ ಸರ್ಕಾರ ಮನೆ ಅಡುಗೆ ಮತ್ತು ಸಿಎನ್‌ಜಿ ವಾಹನಗಳಿಗೆ ಆದ್ಯತೆ ನೀಡುತ್ತದೆ. ಕಾರ್ಖಾನೆಗಳು ಮುಖ್ಯವಾಗಿ ಆಮದು ಅನಿಲವನ್ನೇ ನಂಬಿರುವುದರಿಂದ ವಿದೇಶಿ ಬಿಕ್ಕಟ್ಟಿನ ಬಿಸಿ ಮೊದಲು ತಟ್ಟುವುದು ಅವಕ್ಕೆ. 2024ರ ಕೊನೆಯಲ್ಲಿ ನಗರ ವಿತರಣಾ ಸಂಸ್ಥೆಗಳಿಗಿದ್ದ ದೇಶೀಯ ಅನಿಲದ ಹಂಚಿಕೆಯನ್ನು ತಗ್ಗಿಸಿದ್ದರಿಂದ ವಾಹನ ಸವಾರರಿಗಿದ್ದ ಈ ರಕ್ಷಣೆಯೂ ತೆಳುವಾಯಿತು.