ಉಬ್ಬಸರೋಗಿಯ ಸಾಕ್ಷ್ಯ: ಒಂದು ಐತಿಹಾಸಿಕ ವಿವೇಚನೆ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ವೈದ್ಯರ ಬರಹಗಳನ್ನೇ ಆಧಾರವಾಗಿ ಹಿಡಿಯುತ್ತಾರೆ. ಉಬ್ಬಸದ ವಿಷಯದಲ್ಲಿ ಈ ಕ್ರಮವು ಸಾಲದು. ಈ ರೋಗವು ಅನೇಕರಲ್ಲಿ ರಾತ್ರಿಯ ಕೊನೆಯ ಜಾವದಲ್ಲಿ ಉಲ್ಬಣಿಸಿ, ಹಗಲಿನಲ್ಲಿ ವೈದ್ಯನೆದುರು ಕುಳಿತಾಗ ಎಷ್ಟೋ ವೇಳೆ ಮರೆಯಾಗಿರುತ್ತದೆ. ಆದುದರಿಂದ ಇಲ್ಲಿ ಮುಖ್ಯ ಸಾಕ್ಷಿ ರೋಗಿಯೇ. ಆ ಸಾಕ್ಷ್ಯವು ವೈದ್ಯನ ದಾಖಲೆಯೊಳಕ್ಕೆ ಹೇಗೆ ಪ್ರವೇಶ ಪಡೆಯಿತೆಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಇಂಗ್ಲೆಂಡಿನ ಲಿಚ್‌ಫೀಲ್ಡಿನಲ್ಲಿ ವೈದ್ಯನಾಗಿದ್ದ ಸರ್ ಜಾನ್ ಫ್ಲಾಯರನು 1698ರಲ್ಲಿ ಉಬ್ಬಸವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಅವನು ಸ್ವತಃ ಬಹುಕಾಲದ ಉಬ್ಬಸರೋಗಿ. 1860ರಲ್ಲಿ ಇದೇ ವಿಷಯವಾಗಿ ಪ್ರಸಿದ್ಧ ಗ್ರಂಥವನ್ನು ಬರೆದ ಹೆನ್ರಿ ಹೈಡ್ ಸಾಲ್ಟರನೂ ರೋಗಿಯೇ. ಇವರ ಅನುಭವಕ್ಕೆ ಶಾಸ್ತ್ರದಲ್ಲಿ ಸ್ಥಾನ ದೊರೆತುದು ಇವರು ವೈದ್ಯರೂ ಆಗಿದ್ದುದರಿಂದ ಎನ್ನಬೇಕು; ಸಾಮಾನ್ಯ ರೋಗಿಗೆ ಆ ಭಾಗ್ಯವೆಲ್ಲಿಯದು?

1959ರಲ್ಲಿ ರೈಟ್ ಮತ್ತು ಮೆಕ್‌ಕೆರೊ ಎಂಬವರು ಬಲವಾಗಿ ಹೊರಬಿಟ್ಟ ಉಸಿರಿನ ಗರಿಷ್ಠ ವೇಗವನ್ನು ಅಳೆಯುವ ಪೀಕ್ ಫ್ಲೋ ಮೀಟರನ್ನು ವಿವರಿಸಿದರು. ಮುಂದೆ ಅದರ ಸಣ್ಣ ರೂಪವು ಬಂದಮೇಲೆ ರೋಗಿಯು ಮನೆಯಲ್ಲಿಯೇ ಬೆಳಗ್ಗೆ ಸಂಜೆ ಅಳೆದು ಬರೆದಿಡುವುದು ಸಾಧ್ಯವಾಯಿತು. ಆದರೂ ಆ ಪುಸ್ತಕ ಮನೆಯಲ್ಲಿ, ವೈದ್ಯನ ದಾಖಲೆ ಆಸ್ಪತ್ರೆಯಲ್ಲಿ! 1973ರಲ್ಲಿ ಅಮೆರಿಕದ ಶೆಂಕಿನ್ ಮತ್ತು ವಾರ್ನರ್ ಎಂಬವರು ರೋಗಿಗೆ ಅವನ ದಾಖಲೆಯನ್ನು ಕೊಡಬೇಕೆಂದು ಸೂಚಿಸಿದುದು ಈ ಗೋಡೆಯ ಒಂದು ಪಾರ್ಶ್ವವನ್ನು ಮಾತ್ರ ಕುರಿತದ್ದು.

ಇನ್ನೊಂದು ಪಾರ್ಶ್ವವನ್ನು ತೆರೆದುದು ಅಂತರಜಾಲದ ಪೋರ್ಟಲು. ಫಿಲಡೆಲ್ಫಿಯದ ಮಕ್ಕಳ ಆಸ್ಪತ್ರೆಯ ಸಂಶೋಧಕರು ಸಿದ್ಧಪಡಿಸಿದ ಪೋರ್ಟಲಿನಲ್ಲಿ ತಂದೆತಾಯಿಗಳು ಮಗುವಿನ ಲಕ್ಷಣಗಳನ್ನೂ ಔಷಧದ ಅಡ್ಡಪರಿಣಾಮಗಳನ್ನೂ ತಮ್ಮ ಆತಂಕಗಳನ್ನೂ ತಿಂಗಳಿಗೊಮ್ಮೆ ದಾಖಲಿಸುತ್ತಿದ್ದರು. ಅದು ವೈದ್ಯರಿಗೂ ತಲಪುತ್ತಿತ್ತು. 60 ಕುಟುಂಬಗಳನ್ನೊಳಗೊಂಡು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೋರ್ಟಲನ್ನು ಪಡೆದವರ ಮಕ್ಕಳಲ್ಲಿ ರೋಗದ ಉಲ್ಬಣವು ಕಡಮೆಯಾಗಿ, ತಂದೆತಾಯಿಗಳು ಕೆಲಸ ತಪ್ಪಿಸಿದ ದಿನಗಳೂ ಕಡಮೆಯಾದುವೆಂದು ವರದಿಯಾಗಿದೆ. ಸಂಖ್ಯೆ ಚಿಕ್ಕದು, ಇದರಿಂದ ದೊಡ್ಡ ಸಿದ್ಧಾಂತವನ್ನು ಕಟ್ಟಲು ನಾವು ಹಿಂಜರಿಯುತ್ತೇವೆ. ಮರುವರ್ಷ ಪ್ರಕಟವಾದ, ಹೆಚ್ಚಿನ ಚಿಕಿತ್ಸಾಲಯಗಳನ್ನೊಳಗೊಂಡ ವರದಿಯಂತೆ, ಅರ್ಹ ಕುಟುಂಬಗಳಲ್ಲಿ ಅತ್ಯಲ್ಪ ಭಾಗ ಮಾತ್ರವೇ ಅದನ್ನು ಬಳಸಿತು. ಮುಂದೆ ಈ ದಾಖಲೆಗಳನ್ನು ಆಧಾರವಾಗಿ ಹಿಡಿಯುವ ಇತಿಹಾಸಕಾರನಿಗೆ ಉಳಿದ ಮಕ್ಕಳ ರಾತ್ರಿಗಳು, ಫ್ಲಾಯರನ ನೆರೆಹೊರೆಯವರ ರಾತ್ರಿಗಳಂತೆಯೇ, ಕಾಣದೆಹೋಗುವುವು.